‘ಊರಾಗ’ ಎಂಬ ಸಪ್ತಮಿ

ವಿಭಕ್ತಿ ಪ್ರತ್ಯಯ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ‘ಉ, ಅನ್ನು, ಇಂದ, ಗೆ’ ಎಂಬ ಬಾಯಿಪಾಠ. ಆದರೆ ಬನಹಟ್ಟಿಯ ನೇಕಾರರ ಮನೆಯ ಹುಡುಗ ‘ಅಪ್ಪ ಮಗ್ಗದಾಗ ಅದಾನ’ ಎಂದು ಬರೆದರೆ ಅದರ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಈ ‘ಆಗ’ ಎಲ್ಲಿಂದ ಬಂತು?

ಮುಧೋಳದ ರನ್ನ ಅಜಿತಪುರಾಣ ಬರೆದದ್ದು 993ರಲ್ಲಿ. ಅವನ ಹಳಗನ್ನಡದಲ್ಲಿ ಸಪ್ತಮಿಯ ಪ್ರತ್ಯಯ ‘ಒಳ್’: ಊರೊಳ್, ಮನೆಯೊಳ್. 13ನೆಯ ಶತಮಾನದ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಸಪ್ತಮಿಗೆ ಇದನ್ನೇ ಹೇಳಿದ. ‘ಒಳ್’ ಮುಂದೆ ‘ಒಳಗೆ’ ಆಯಿತು. ನಮ್ಮ ಸೀಮೆಯವರ ಬಾಯಲ್ಲಿ ಳಕಾರ ಸವೆದು ಊರೊಳಗೆ ‘ಊರಾಗ’, ಮನೆಯೊಳಗೆ ‘ಮನ್ಯಾಗ’ ಆದವು. ಪಠ್ಯಪುಸ್ತಕದ ‘ಅಲ್ಲಿ’ ಬೇರೆ ಮೂಲದ್ದು. ‘ಅಲ್ಲಿ, ಇಲ್ಲಿ’ ಎನ್ನುವಾಗಿನ ಸ್ಥಳವಾಚಿ ಪದವೇ ಪ್ರತ್ಯಯವಾಗಿ ನಿಂತದ್ದು. ಹಾಗಾದರೆ ರನ್ನನ ಸಪ್ತಮಿಗೆ ಹತ್ತಿರದ ನಂಟು ಪುಸ್ತಕದ್ದಲ್ಲ, ಮಗ್ಗದ ಮನೆಯದು! ಪರೀಕ್ಷೆಯಲ್ಲಿ ‘ಅಲ್ಲಿ’ ಎಂದೇ ಬರೆಯಬೇಕು, ಅದು ಎಲ್ಲ ಜಿಲ್ಲೆಯವರಿಗೂ ತಿಳಿಯುವ ರೂಪ. ತಿದ್ದುವ ಗುರುಗಳು ಮಾತ್ರ ‘ತಪ್ಪು’ ಎನ್ನದೆ ‘ಆಡುರೂಪ’ ಎಂದು ಬದಿಗೆ ಬರೆಯಲಿ.

ಚತುರ್ಥಿಯ ‘ಗೆ’ ಇಷ್ಟು ಸವೆದಿಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿರುವ ಅದು ಸುಮಾರು 1300 ವರ್ಷಗಳ ಮೇಲೂ ‘ಊರಿಗೆ’ ಎನ್ನುವಾಗ ಕಿವಿಗೆ ಬೀಳುತ್ತದೆ.

ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು 1948ರವರೆಗೆ ಆಳಿದರು. ಆ ಕಾಲದಲ್ಲಿ ಮರಾಠಿಯ ಒಡನಾಟದಿಂದ ವಾಡೆ, ಕಚೇರಿಯಂಥ ಮಾತುಗಳು ಊರಿಗೆಲ್ಲ ಬಳಕೆಯಾದವು. ಜನ ಪದವನ್ನು ತೆಗೆದುಕೊಂಡರು, ಪ್ರತ್ಯಯವನ್ನು ಬಿಟ್ಟುಕೊಡಲಿಲ್ಲ: ‘ವಾಡೇದಾಗ’, ‘ಕಚೇರ್ಯಾಗ’ ಎಂದರು. ಆಮೇಲೆ ಬಂದ ಬಸ್ಸೂ ‘ಬಸ್ಸಿನ್ಯಾಗ’ ಆಯಿತು.