ಭ್ರೂಣದ ಜಾತಕ

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ಮನೆಗಳಿಗೆ ಊರಿನಿಂದ ಬರುವ ನೆಂಟರಲ್ಲಿ ಎರಡು ಬಗೆ: ಮದುವೆ-ಮುಂಜಿಗೆ ಬರುವವರು, ಆಸ್ಪತ್ರೆಗೆ ಬರುವವರು. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಗಡಿ ಬದಲಾದರೂ ಚಿಕಿತ್ಸೆಗೆ ಇತ್ತ ಹೊರಡುವ ರೂಢಿ ಬದಲಾಗಲಿಲ್ಲ. ಹೀಗೆ ಬರುವವರಲ್ಲಿ ಮಕ್ಕಳಿಲ್ಲದ ದಂಪತಿಗಳಿದ್ದಾರೆ. ಒಂದು ಮಗುವನ್ನು ಆನುವಂಶಿಕ ಕಾಯಿಲೆಗೆ ಕಳೆದುಕೊಂಡು ಎರಡನೆಯದಕ್ಕೆ ಹೆದರುವವರೂ ಇದ್ದಾರೆ. ಅವರ ಕಡತಗಳಲ್ಲಿ ಈಗ ‘ಪಿಜಿಟಿ’ ಎಂಬ ಪದ ಕಾಣಿಸುತ್ತದೆ. ಪ್ರಯೋಗಾಲಯದಲ್ಲಿ ರೂಪುಗೊಂಡ ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಮೊದಲು ಅದರ ವಂಶವಾಹಿಗಳನ್ನು ಪರೀಕ್ಷಿಸುವುದೆಂದು ಅದರ ಅರ್ಥ. ಈ ಪರೀಕ್ಷೆಯ ಚರಿತ್ರೆಯನ್ನು ನೋಡಿದರೆ ಅದು ಆರಂಭವಾದದ್ದು ನಮ್ಮ ಮನೆಗಳಿಗೆ ಚಿರಪರಿಚಿತವಾದ ಒಂದು ಪ್ರಶ್ನೆಯಿಂದ: ಹೆಣ್ಣೋ, ಗಂಡೋ?

1968ರಲ್ಲಿ ಇಂಗ್ಲೆಂಡಿನ ರಾಬರ್ಟ್ ಎಡ್ವರ್ಡ್ಸ್ ಮತ್ತು ರಿಚರ್ಡ್ ಗಾರ್ಡ್‌ನರ್ ಮೊಲದ ಭ್ರೂಣಗಳಿಂದ ಕೆಲವೇ ಜೀವಕೋಶಗಳನ್ನು ತೆಗೆದು, ಹುಟ್ಟುವ ಮರಿ ಹೆಣ್ಣೋ ಗಂಡೋ ಎಂದು ಮೊದಲೇ ಗುರುತಿಸಿದರು. ಹತ್ತು ವರ್ಷಗಳ ಬಳಿಕ, 1978ರ ಜುಲೈ 25ರಂದು, ಅದೇ ಎಡ್ವರ್ಡ್ಸ್ ಅವರ ಶ್ರಮದಿಂದ ಜಗತ್ತಿನ ಮೊದಲ ಪ್ರಣಾಳ ಶಿಶು ಜನಿಸಿತು. ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನವೂ ಫಲಿಸಿತು. ಎರಡು ವಿದ್ಯೆಗಳೂ ಮನುಷ್ಯರಲ್ಲಿ ಒಂದಾದದ್ದು 1990ರಲ್ಲಿ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ. ಕೆಲವು ಕಾಯಿಲೆಗಳು ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಬಂದು ಗಂಡುಮಕ್ಕಳನ್ನೇ ಕಾಡುತ್ತವೆ. ಅಂಥ ಮನೆತನಗಳಿಗಾಗಿ ಆಲನ್ ಹ್ಯಾಂಡಿಸೈಡ್ ಮತ್ತು ಸಂಗಡಿಗರು ಮೂರು ದಿನದ ಭ್ರೂಣದಿಂದ ಒಂದು ಕೋಶವನ್ನು ತೆಗೆದು, ಅದರಲ್ಲಿ ವೈ ವರ್ಣತಂತುವಿನ ಗುರುತು ಇದೆಯೇ ಎಂದು ನೋಡಿದರು. ಗುರುತು ಕಾಣದ ಹೆಣ್ಣು ಭ್ರೂಣಗಳನ್ನಷ್ಟೇ ಗರ್ಭಕ್ಕೆ ಸೇರಿಸಿದರು. ಜಗತ್ತಿನ ಮೊದಲ ಭ್ರೂಣಪರೀಕ್ಷೆ ಹೆಣ್ಣುಮಗುವನ್ನು ಆರಿಸಿಕೊಂಡಿತು.

ಅದೇ ಕಾಲದ ಭಾರತದಲ್ಲಿ ಚಿತ್ರ ತಿರುವುಮುರುವಾಗಿತ್ತು. 1970ರ ದಶಕದಲ್ಲಿ ಆನುವಂಶಿಕ ದೋಷಗಳನ್ನು ತಿಳಿಯಲೆಂದು ಬಂದ ಗರ್ಭಜಲ ಪರೀಕ್ಷೆ ಕೆಲವೇ ವರ್ಷಗಳಲ್ಲಿ ಹೆಣ್ಣು ಭ್ರೂಣವನ್ನು ಹುಡುಕುವ ಸಾಧನವಾಯಿತು. ಬಳಿಕ ಸ್ಕ್ಯಾನಿಂಗ್ ಯಂತ್ರ ಆ ಕೆಲಸವನ್ನು ಅಗ್ಗವಾಗಿಸಿತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1981ರಲ್ಲಿ 962 ಹೆಣ್ಣುಮಕ್ಕಳಿದ್ದರೆ, 1991ರಲ್ಲಿ 945, 2001ರಲ್ಲಿ 927. ಮಹಾರಾಷ್ಟ್ರ 1988ರಲ್ಲಿ ಕಾನೂನು ಮಾಡಿತು; 1994ರ ಕೇಂದ್ರ ಕಾಯಿದೆ 1996ರಿಂದ ಜಾರಿಗೆ ಬಂತು. ಅದು ಗರ್ಭ ನಿಂತ ಮೇಲಿನ ಪರೀಕ್ಷೆಗಳನ್ನು ಮಾತ್ರ ತಡೆಯುತ್ತಿತ್ತು. ಗರ್ಭಕ್ಕೆ ಮುಂಚಿನ ಆಯ್ಕೆಗೆ ಬಾಗಿಲು ತೆರೆದೇ ಇತ್ತು. ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆ ನಡೆದು, 2003ರ ತಿದ್ದುಪಡಿಯಿಂದ ಆ ಬಾಗಿಲೂ ಮುಚ್ಚಿತು. ಲಿಂಗಸಂಬಂಧಿ ಕಾಯಿಲೆಯ ಪತ್ತೆಗೆ ಮಾತ್ರ ಕಾನೂನು ಅವಕಾಶ ಉಳಿಸಿತು. ಲಂಡನ್ನಿನಲ್ಲಿ ಮಗುವನ್ನು ಉಳಿಸಲು ಕೇಳಿದ ಪ್ರಶ್ನೆಯನ್ನೇ ಇಲ್ಲಿ ಮಗುವನ್ನು ಅಳಿಸಲು ಕೇಳಲಾಗುತ್ತಿತ್ತು. ಪ್ರಶ್ನೆ ಒಂದೇ ಆದರೂ ಕೇಳುವವರ ಮನಸ್ಸು ಬೇರೆ.

ಈ ಚರಿತ್ರೆಯ ಒಂದು ಎಳೆ ನಮ್ಮ ಊರಿನಲ್ಲಿಯೇ ಇದೆ. ಉಪ್ಪಲ್ ರಸ್ತೆಯ ಸಿಸಿಎಂಬಿ ಸಂಸ್ಥೆಯ ಲಾಲ್‌ಜಿ ಸಿಂಗ್ ತಮ್ಮ ಸಂಶೋಧನೆಯನ್ನು ಆರಂಭಿಸಿದ್ದು ಹಾವುಗಳಲ್ಲಿ ಹೆಣ್ಣು-ಗಂಡನ್ನು ನಿರ್ಧರಿಸುವ ವರ್ಣತಂತುಗಳಿಂದ. ಬ್ಯಾಂಡೆಡ್ ಕ್ರೈಟ್ ಎಂಬ ಪಟ್ಟೆಹಾವಿನಲ್ಲಿ ಕಂಡ ಡಿಎನ್‌ಎ ತುಣುಕೇ ಮುಂದೆ ಈ ದೇಶದ ಡಿಎನ್‌ಎ ಬೆರಳಚ್ಚು ವಿಧಾನಕ್ಕೆ ಆಧಾರವಾಯಿತು. 1990ರ ದಶಕದ ಮಧ್ಯದಲ್ಲಿ ಇದೇ ನಗರದಲ್ಲಿ ಸಿಡಿಎಫ್‌ಡಿ ಎಂಬ ಪ್ರತ್ಯೇಕ ಸಂಸ್ಥೆ ಹುಟ್ಟಿತು. ಅದರ ಹೆಸರಿನಲ್ಲಿ ಬೆರಳಚ್ಚಿನ ಜೊತೆಗೆ ರೋಗಪತ್ತೆಯೂ ಸೇರಿದೆ. 1998ರಲ್ಲಿ ಇಲ್ಲಿ ಆರಂಭವಾದ ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಸೊಸೈಟಿ, ಮೇಲಿಂದ ಮೇಲೆ ರಕ್ತ ಪಡೆದೇ ಬದುಕಬೇಕಾದ ಮಕ್ಕಳ ಆಸರೆಯಾಗಿದೆ.

ಇಂಥ ಕಾಯಿಲೆಗಳ ಬೇರು ನಮ್ಮ ಮದುವೆಯ ಪದ್ಧತಿಗಳಲ್ಲಿಯೂ ಇದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರುಗಳ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ, ಸುಮಾರು ಮೂರರಲ್ಲೊಂದು ಪಾಲು ಮಕ್ಕಳ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ವಂಶವಾಹಿಗಳ ಕಾಲುಭಾಗ ಸಮಾನವಾಗಿರುತ್ತದೆ. ಹೊರಗೆ ಕಾಣದ ಒಂದೇ ದೋಷವನ್ನು ಇಬ್ಬರೂ ಹೊತ್ತಿದ್ದರೆ ಪ್ರತಿ ಗರ್ಭಕ್ಕೂ ಕಾಯಿಲೆಯ ಸಂಭವ ನಾಲ್ಕರಲ್ಲಿ ಒಂದು. ಸಂಬಂಧವಿಲ್ಲದಿದ್ದರೂ ಜಾತಿಯೊಳಗಿನ ಮದುವೆ ಸಾಕು. ಸಿಸಿಎಂಬಿ ಸೇರಿದಂತೆ ಹಲವು ಸಂಸ್ಥೆಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳ ಪೈಕಿ 81, ಕೆಲವೇ ಪೂರ್ವಜರಿಂದ ಬೆಳೆದು ಬಂದ ಗುರುತನ್ನು ಫಿನ್‌ಲೆಂಡಿನ ಜನರಿಗಿಂತಲೂ ಗಾಢವಾಗಿ ತೋರಿದವು.

ಇಷ್ಟಾದರೂ ನಮ್ಮಲ್ಲಿ ಮಗುವಿಗೆ ಏನಾದರೂ ಆದರೆ ಮಾತು ಬರುವುದು ಸೊಸೆಯ ಮೇಲೆ. ಥಲಸ್ಸೀಮಿಯಾ ಬರಬೇಕಾದರೆ ತಂದೆತಾಯಿ ಇಬ್ಬರಿಂದಲೂ ಸಮಪಾಲು ಬರಬೇಕು; ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯದಿಂದ ನಿರ್ಧಾರವಾಗುತ್ತದೆ. ಚುಚ್ಚುಮದ್ದು, ಅಂಡಾಣು ಸಂಗ್ರಹ, ಕಾಯುವಿಕೆ ಎಲ್ಲವೂ ಹೆಣ್ಣಿನ ಮೈಮೇಲೆಯೇ.

ಪರೀಕ್ಷೆಗೂ ಮಿತಿಗಳಿವೆ. ಈಗ ಐದಾರು ದಿನದ ಭ್ರೂಣದ ಹೊರಪದರದಿಂದ ಕೆಲವು ಕೋಶಗಳನ್ನು ತೆಗೆಯುತ್ತಾರೆ. ಮುಂದೆ ಮಾಸುಚೀಲವಾಗುವ ಪದರ ಅದು, ಮಗುವಾಗುವ ಭಾಗವಲ್ಲ. ಮನೆತನದಲ್ಲಿ ಇಂಥದೇ ದೋಷವಿದೆಯೆಂದು ಗೊತ್ತಿದ್ದಾಗ ಹುಡುಕುವುದು ಒಂದು ಬಗೆ. ಅದರ ಉಪಯೋಗ ದೊಡ್ಡದು. ವರ್ಣತಂತುಗಳ ಸಂಖ್ಯೆಯನ್ನು ಎಣಿಸಿ ‘ಒಳ್ಳೆಯ’ ಭ್ರೂಣವನ್ನು ಆರಿಸುವುದು ಇನ್ನೊಂದು ಬಗೆ. ಚೀನಾದಲ್ಲಿ 1,212 ಮಹಿಳೆಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಶಸ್ಸಿನ ಸಂಭವ ಚೆನ್ನಾಗಿದ್ದ ಕಿರಿಯ ವಯಸ್ಸಿನವರಿಗೆ ಈ ಎಣಿಕೆಯಿಂದ ಹೆಚ್ಚು ಮಕ್ಕಳೇನೂ ಆಗಲಿಲ್ಲ. ಇಟಲಿಯಲ್ಲಿ ದೋಷ ಬೆರೆತಿದೆಯೆಂದು ಗುರುತಿಸಿದ್ದ 18 ಭ್ರೂಣಗಳನ್ನು ಗರ್ಭಕ್ಕೆ ಸೇರಿಸಿದಾಗ ಆರು ಆರೋಗ್ಯವಂತ ಮಕ್ಕಳು ಹುಟ್ಟಿದರೆಂದು 2015ರಲ್ಲಿ ವರದಿಯಾಯಿತು. ಜಾತಕದಂತೆಯೇ ಇದರ ಬರಹವೂ ಎಲ್ಲ ವೇಳೆ ಹಣೆಬರಹವಲ್ಲ.

2021ರ ನೆರವಿನ ಸಂತಾನೋತ್ಪತ್ತಿ ಕಾಯಿದೆ ಗೊತ್ತಿರುವ ಆನುವಂಶಿಕ ಕಾಯಿಲೆಯ ಪತ್ತೆಗೆ ಮಾತ್ರ ಭ್ರೂಣಪರೀಕ್ಷೆಯನ್ನು ಒಪ್ಪುತ್ತದೆ. ಬೇಕೆಂದ ಲಿಂಗದ ಮಗುವನ್ನು ಕೊಡುವುದನ್ನು ನಿಷೇಧಿಸುತ್ತದೆ. ಆದರೆ ಕಾಯಿಲೆ ಯಾವುದು, ಬರಿಯ ಭಿನ್ನತೆ ಯಾವುದು? ಬಾಲ್ಯದಲ್ಲಿಯೇ ಪ್ರಾಣ ತೆಗೆಯುವ ರೋಗವನ್ನೂ ಕಿವುಡುತನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಕಿವಿ ಕೇಳಿಸದೆಯೂ ತುಂಬು ಬಾಳು ಬಾಳುವವರನ್ನು ನಾವು ಕಂಡಿದ್ದೇವೆ. ಈ ಗೆರೆಯನ್ನು ಕಾನೂನಿನ ಪುಸ್ತಕವೊಂದೇ ಎಳೆಯಲಾರದು.

ಭ್ರೂಣಪರೀಕ್ಷೆಗೆ ಲಕ್ಷಗಟ್ಟಲೆ ವೆಚ್ಚ. ಥಲಸ್ಸೀಮಿಯಾ ವಾಹಕರೇ ಎಂದು ತಿಳಿಯುವ ರಕ್ತಪರೀಕ್ಷೆಗೆ ಅದರ ಅತಿ ಸಣ್ಣ ಪಾಲು ಸಾಕು. ಮದುವೆಗೆ ಮುನ್ನ ಸಾಲಾವಳಿ ನೋಡುವ ನಾವು ಆ ಒಂದು ಚೀಟಿಯನ್ನೂ ಜೊತೆಗಿಟ್ಟು ನೋಡಬಹುದು. ಆಸ್ಪತ್ರೆಗೆಂದು ಊರಿನಿಂದ ಬರುವವರಿಗೆ ನಾವು ದಾರಿ ತೋರುತ್ತೇವೆ, ತೆಲುಗಿನಲ್ಲಿ ಮಾತಾಡಿಕೊಡುತ್ತೇವೆ. ವೈದ್ಯರ ಮುಂದೆ ಕೂತಾಗ ಸೊಸೆ ತಲೆ ತಗ್ಗಿಸಬೇಕಾಗಿಲ್ಲವೆಂದು ಅವಳ ಅತ್ತೆಗೆ ಕನ್ನಡದಲ್ಲಿ ತಿಳಿಯಹೇಳುವುದೂ ನಮ್ಮ ಪಾಲಿನ ಕೆಲಸವೇ.