ಹಿಂಬದಿ ಬ್ರೇಕು ಮತ್ತು ಹಳದಿ ದೀಪ

ಎಬಿಎಸ್ ಇರುವ ಮೋಟಾರ್ ಸೈಕಲ್ಲಿನ ಹಿಂದಿನ ಬ್ರೇಕು ಕೈಕೊಟ್ಟಿತೆಂದು ಯಾರಾದರೂ ಗ್ಯಾರೇಜಿಗೆ ಬಂದರೆ, ಮೆಕ್ಯಾನಿಕ್ಕಿನ ಎದುರಿಗಿರುವುದು ವಾಸ್ತವವಾಗಿ ಒಂದು ಬ್ರೇಕಲ್ಲ, ಎರಡು. ಒಂದು, ಕಾಲಿನ ಒತ್ತಡವನ್ನು ಎಣ್ಣೆಯ ಮೂಲಕ ಚಕ್ರಕ್ಕೆ ಮುಟ್ಟಿಸುವ ಹಳೆಯ ಬ್ರೇಕು. ಇನ್ನೊಂದು, ಅದರ ಮೇಲೆ ಕಣ್ಣಿಟ್ಟಿದ್ದು, ಚಕ್ರ ಕಚ್ಚಿಕೊಂಡು ಜಾರತೊಡಗಿದರೆ ಒತ್ತಡವನ್ನು ಕ್ಷಣಮಾತ್ರ ಸಡಿಲಿಸುವ ಕಾವಲುಗಾರ. ಮೀಟರಿನ ಪಕ್ಕದಲ್ಲಿ ಉರಿಯುವ ಹಳದಿ ದೀಪ ಈ ಕಾವಲುಗಾರನ ಆರೋಗ್ಯವನ್ನು ಹೇಳುತ್ತದೆಯೇ ಹೊರತು ಬ್ರೇಕಿನ ಆರೋಗ್ಯವನ್ನಲ್ಲ. ದೀಪ ಆರಿದೆ, ಎಲ್ಲ ಸರಿಯಿದೆ ಎಂದುಕೊಂಡು ಸವೆದ ಪ್ಯಾಡಿನ ಮೇಲೆ ಘಟ್ಟ ಇಳಿಯುವವರಿದ್ದಾರೆ. ದೀಪ ಉರಿದೊಡನೆ ಬ್ರೇಕೇ ಹೋಯಿತೆಂದು ಬೆದರಿ ವಾಹನವನ್ನು ಟೆಂಪೊಗೆ ಹೇರಿ ತರುವವರೂ ಇದ್ದಾರೆ. ಒಂದೇ ಚಕ್ರದ ಮೇಲೆ ಇಬ್ಬರು ಯಜಮಾನರು ಹೇಗೆ ಬಂದು ಕೂತರು ಎಂಬುದನ್ನು ತಿಳಿದರೆ ದೋಷ ಹುಡುಕುವ ಕೆಲಸ ಅರ್ಧ ಸಲೀಸಾಗುತ್ತದೆ.

ಮೋಟಾರ್ ಸೈಕಲ್ಲಿನ ಬಾಲ್ಯದಲ್ಲಿ ಬ್ರೇಕೆಂದರೆ ಹಿಂದಿನ ಬ್ರೇಕೇ. ಚರ್ಮದ ಬೆಲ್ಟಿನಿಂದ ಚಕ್ರ ತಿರುಗುತ್ತಿದ್ದ ಆ ಗಾಡಿಗಳಲ್ಲಿ ಹಿಂಬದಿ ಚಕ್ರದ ಉಕ್ಕಿನ ಪಟ್ಟಿಗೆ ಒಂದು ತುಂಡನ್ನು ಒತ್ತಿ ಹಿಡಿಯುವುದೇ ನಿಲ್ಲಿಸುವ ಉಪಾಯ. ಮುಂದಿನ ಚಕ್ರಕ್ಕೆ ಸೈಕಲ್ಲಿನದನ್ನು ಹೋಲುವ ದುರ್ಬಲ ಬ್ರೇಕು. ಅದನ್ನು ಗಟ್ಟಿಯಾಗಿ ಹಿಡಿದರೆ ಮುಗ್ಗರಿಸಿ ಬೀಳುತ್ತೇವೆಂಬ ಭಯ. ಈ ಭಯ ಇಂದಿಗೂ ಪೂರ್ತಿ ಹೋಗಿಲ್ಲ. ನಮ್ಮಲ್ಲಿ ಅಪ್ಪ ಮಗನಿಗೆ ಬೈಕು ಕಲಿಸುವಾಗ ಹೇಳುವ ಮೊದಲ ಮಾತೇ ‘ಮುಂದಿನ ಬ್ರೇಕು ಮುಟ್ಟಬೇಡ’ ಎಂಬುದು.

ಭೌತಶಾಸ್ತ್ರ ಮಾತ್ರ ಅಪ್ಪನ ಪರ ಇಲ್ಲ. ಓಡುವ ಬೈಕಿಗೆ ಬ್ರೇಕು ಹಾಕಿದೊಡನೆ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರವಾಗುತ್ತದೆ. ಒಣ ರಸ್ತೆಯಲ್ಲಿ ಜೋರಾಗಿ ನಿಲ್ಲಿಸಿದರೆ ನೆಲ ಬಿಟ್ಟು ಏಳುವುದೂ ಉಂಟು. ಹಗುರವಾದ ಚಕ್ರ ಬೇಗ ಕಚ್ಚಿಕೊಳ್ಳುತ್ತದೆ, ಕಚ್ಚಿಕೊಂಡ ಚಕ್ರ ಪಕ್ಕಕ್ಕೆ ಜಾರುತ್ತದೆ. ಅಂದರೆ ಹೆಚ್ಚು ನಿಲ್ಲಿಸುವುದು ಮುಂದಿನ ಚಕ್ರ, ಸುಲಭವಾಗಿ ಜಾರುವುದು ಹಿಂದಿನದು.

ಈ ಜಾರುವಿಕೆಗೆ ಮದ್ದು ಮೊದಲು ಸಿಕ್ಕಿದ್ದು ವಿಮಾನಗಳಿಗೆ. ಬ್ರಿಟನ್ನಿನ ಡನ್‌ಲಪ್ ಕಂಪನಿ 1950ರ ದಶಕದ ಆರಂಭದಲ್ಲಿ ‘ಮ್ಯಾಕ್ಸರೆಟ್’ ಎಂಬ ಉಪಕರಣ ತಯಾರಿಸಿತು. ಅದರಲ್ಲಿ ವಿದ್ಯುತ್ತೂ ಇರಲಿಲ್ಲ, ಕಂಪ್ಯೂಟರೂ ಇರಲಿಲ್ಲ. ಚಕ್ರದ ಜೊತೆಗೇ ತಿರುಗುವ ಒಂದು ಪುಟ್ಟ ಡ್ರಮ್ಮು, ಅದರೊಳಗೆ ಭಾರವಾದ ಗಾಲಿ. ಚಕ್ರ ಹಠಾತ್ತನೆ ನಿಧಾನವಾದರೆ ಒಳಗಿನ ಗಾಲಿ ತನ್ನ ವೇಗದಲ್ಲೇ ಮುಂದೆ ಓಡುತ್ತದೆ. ಆ ವ್ಯತ್ಯಾಸದಿಂದ ಒಂದು ವಾಲ್ವು ತೆರೆದು ಬ್ರೇಕಿನ ಒತ್ತಡ ಇಳಿಯುತ್ತದೆ. ಚಕ್ರ ಮತ್ತೆ ವೇಗ ಹಿಡಿದೊಡನೆ ವಾಲ್ವು ಮುಚ್ಚುತ್ತದೆ. ಇಂದಿನ ಎಬಿಎಸ್ ಮಾಡುವುದೂ ಇದನ್ನೇ.

1958ರಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯ ಇದನ್ನು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ ಮೋಟಾರ್ ಸೈಕಲ್ಲಿಗೆ ಕಟ್ಟಿ ಪರೀಕ್ಷಿಸಿತು. ನೆನೆದ, ಜಾರುವ ನೆಲದಲ್ಲಿ ಗಾಡಿ ಮೊದಲಿಗಿಂತ ಗಣನೀಯವಾಗಿ ಕಡಿಮೆ ದೂರದಲ್ಲಿ ನಿಂತಿತು. ಆದರೂ ಕಂಪನಿಯ ತಾಂತ್ರಿಕ ಮುಖ್ಯಸ್ಥ ಟೋನಿ ವಿಲ್ಸನ್ ಜೋನ್ಸ್ ಅವರಿಗೆ ಇದರಲ್ಲಿ ಭವಿಷ್ಯ ಕಾಣಲಿಲ್ಲ. ಉಪಕರಣ ಮಾರುಕಟ್ಟೆಗೆ ಬರಲಿಲ್ಲ. ಆ ಇಂಗ್ಲಿಷ್ ಕಂಪನಿ ಮುಂದೆ ಮುಚ್ಚಿಹೋಯಿತು. 1955ರಲ್ಲಿ ಮದರಾಸಿನಲ್ಲಿ ಹುಟ್ಟಿಕೊಂಡಿದ್ದ ಅದರ ಭಾರತೀಯ ಕವಲು ಮಾತ್ರ ಉಳಿಯಿತು, ಬೆಳೆಯಿತು. ಆ ಹೆಸರಿನ ಬೈಕುಗಳಲ್ಲಿ ನಮ್ಮ ದೇಶದ ಗಿರಾಕಿಗೆ ಎಬಿಎಸ್ ಸಿಕ್ಕಿದ್ದು 2018ರಲ್ಲಿ, ಅಂದರೆ ಸರಿಯಾಗಿ 60 ವರ್ಷಗಳ ಮೇಲೆ! ಈ ನಡುವೆ ಮಳೆಯಲ್ಲಿ ಜಾರಿಬಿದ್ದವರ ಲೆಕ್ಕ ಯಾರೂ ಇಟ್ಟಿಲ್ಲ.

ವಿದ್ಯುನ್ಮಾನ ರೂಪದ ಎಬಿಎಸ್ ಅನ್ನು ಜರ್ಮನಿಯ ಬಾಷ್ ಕಂಪನಿ 1978ರಲ್ಲಿ ಮರ್ಸಿಡಿಸ್ ಕಾರಿಗೆ ಅಳವಡಿಸಿತು. ಮೋಟಾರ್ ಸೈಕಲ್ಲಿಗೆ ಅದನ್ನು ತಂದದ್ದು ಬಿಎಂಡಬ್ಲ್ಯು, 1988ರಲ್ಲಿ, ತನ್ನ ಕೆ-100 ಮಾದರಿಯಲ್ಲಿ. ಪ್ರತಿ ಚಕ್ರಕ್ಕೂ ಬೇರೆಯೇ ಒಂದು ಒತ್ತಡ ನಿಯಂತ್ರಕ. ಇಡೀ ವ್ಯವಸ್ಥೆಯ ತೂಕ ಸುಮಾರು 11 ಕಿಲೋ. ದೋಷಪತ್ತೆಯ ತಮಾಷೆಯೂ ಅಲ್ಲಿಂದಲೇ ಶುರುವಾಯಿತೆನ್ನಬೇಕು. ಆ ಗಾಡಿಗಳಲ್ಲಿ ಬ್ಯಾಟರಿ ಸ್ವಲ್ಪ ಸೊರಗಿದ್ದರೂ ಸಾಕು, ಎಂಜಿನ್ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಎಚ್ಚರಿಕೆಯ ದೀಪಗಳು ಮಿನುಗತೊಡಗುತ್ತಿದ್ದವು. ಬ್ರೇಕಿಗೆ ಏನೂ ಆಗಿರುತ್ತಿರಲಿಲ್ಲ. ಬೇಕಿದ್ದದ್ದು ಹೊಸ ಬ್ಯಾಟರಿ!

ನಮ್ಮಲ್ಲಿ ಹೊಸೂರಿನ ಟಿವಿಎಸ್ ಕಂಪನಿ 2011ರಲ್ಲಿ ಅಪಾಚೆ ಆರ್‌ಟಿಆರ್ 180 ಬೈಕನ್ನು ಎಬಿಎಸ್ ಸಮೇತ ಮಾರಾಟಕ್ಕೆ ಬಿಟ್ಟಿತು. ಆಮೇಲೆ ಸರ್ಕಾರದ ನಿಯಮ ಬಂತು. 125 ಸಿಸಿಗಿಂತ ದೊಡ್ಡ ಎಂಜಿನ್ ಇರುವ ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದ, ಅದಾಗಲೇ ಮಾರುತ್ತಿದ್ದ ಮಾದರಿಗಳಿಗೆ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯವಾಯಿತು. ಆದರೆ ಮುಂದಿನ ಚಕ್ರಕ್ಕೆ ಮಾತ್ರ ಎಬಿಎಸ್ ಇದ್ದರೂ ನಿಯಮ ಪಾಲಿಸಿದಂತಾಯಿತು. ಹೀಗಾಗಿ ಅಗ್ಗದ ಬೈಕುಗಳು ಅನೇಕ ಒಂದೇ ಚಕ್ರದ ಎಬಿಎಸ್ ಹೊತ್ತು ಬಂದವು. ಮಡ್‌ಗಾರ್ಡಿನ ಮೇಲೆ ಎಬಿಎಸ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಹಿಂದಿನ ಚಕ್ರ ಮಾತ್ರ ಹಳೆಯ ಕಾಲದಂತೆಯೇ ಕಚ್ಚಿಕೊಂಡು ಜಾರುತ್ತದೆ. ‘ಎಬಿಎಸ್ ಕೆಲಸ ಮಾಡುತ್ತಿಲ್ಲ’ ಎಂಬ ದೂರುಗಳಲ್ಲಿ ಒಂದು ಬಗೆ ಇದು. ಆದ್ದರಿಂದ ಹಿಂದಿನ ಬ್ರೇಕಿನ ದೋಷ ಹುಡುಕುವವರು ಮೊದಲು ನೋಡಬೇಕಾದದ್ದು ಆ ಬ್ರೇಕಿಗೆ ಎಬಿಎಸ್ ಇದೆಯೇ ಎಂಬುದನ್ನು. ಹಿಂದಿನ ಚಕ್ರದ ಬಳಿ ಸೆನ್ಸರ್ ಕಂಡ ಮಾತ್ರಕ್ಕೆ ಇದೆ ಎಂದುಕೊಳ್ಳುವಂತಿಲ್ಲ. ಕೆಲವು ಬೈಕುಗಳಲ್ಲಿ ಹಿಂದಿನ ಚಕ್ರ ನೆಲ ಬಿಟ್ಟೇಳುವುದನ್ನು ತಿಳಿಯಲಷ್ಟೇ ಅದನ್ನು ಇಟ್ಟಿರುತ್ತಾರೆ. ಎಣ್ಣೆಯ ಕೊಳವೆ ಮಾಡ್ಯುಲೇಟರ್ ಎಂಬ ಪೆಟ್ಟಿಗೆಯ ಮೂಲಕ ಹಾದು ಹಿಂದಿನ ಕ್ಯಾಲಿಪರಿಗೆ ಹೋಗಿದ್ದರೆ ಮಾತ್ರ ಎಬಿಎಸ್ ಇದೆ ಎಂದರ್ಥ.

ಇನ್ನು ದೀಪ. ಕೀಲಿ ತಿರುಗಿಸಿದಾಗ ಅದು ಉರಿಯಲೇಬೇಕು, ಗಾಡಿ ಹೊರಟು ಸ್ವಲ್ಪ ವೇಗ ಹಿಡಿದ ಮೇಲೆ ಆರಬೇಕು. ಆರದಿದ್ದರೆ ಕಾವಲುಗಾರ ರಜೆ ಹಾಕಿದ್ದಾನೆ. ಸಾಮಾನ್ಯ ಬ್ರೇಕು ಇದ್ದೇ ಇರುತ್ತದೆ. ಕಾರಣ ಬಹುಪಾಲು ಚಕ್ರದ ಬಳಿಯೇ ಸಿಗುತ್ತದೆ. ಚಕ್ರದ ಜೊತೆ ತಿರುಗುವ ತೂತು ತೂತಿನ ಉಕ್ಕಿನ ಬಳೆಯೊಂದಿದೆ. ಅದರಿಂದ ಮಿಲಿಮೀಟರ್ ಲೆಕ್ಕದ ಅಂತರದಲ್ಲಿ ಕುಳಿತ ಸೆನ್ಸರ್ ತೂತುಗಳನ್ನು ಎಣಿಸಿ ಚಕ್ರದ ವೇಗ ತಿಳಿಯುತ್ತದೆ. ಹಿಂದಿನ ಚಕ್ರದ ನೆರೆಹೊರೆ ಮೊದಲೇ ಕೊಳಕು. ಕೆಸರು, ಚೈನಿನ ಗ್ರೀಸು, ಪ್ಯಾಡಿನಿಂದ ಉದುರುವ ಲೋಹದ ಪುಡಿ ಎಲ್ಲವೂ ಅಲ್ಲಿಗೇ. ಪಂಕ್ಚರ್ ಹಾಕುವಾಗ ಸಲಾಕೆ ತಾಗಿ ಬಳೆ ಸೊಟ್ಟಗಾಗಿರಬಹುದು, ತಂತಿ ಚೈನಿಗೆ ಉಜ್ಜಿ ಹರಿದಿರಬಹುದು. ಸೆಂಟರ್ ಸ್ಟ್ಯಾಂಡ್ ಹಾಕಿ ಗೇರಿನಲ್ಲಿ ಹಿಂದಿನ ಚಕ್ರ ತಿರುಗಿಸಿದರೂ ಹಲವು ಬೈಕುಗಳಲ್ಲಿ ದೀಪ ಉರಿಯುತ್ತದೆ. ಹಿಂದಿನ ಚಕ್ರ ಓಡುತ್ತಿದೆ, ಮುಂದಿನದು ನಿಂತಿದೆ; ಪಾಪ, ಕಂಪ್ಯೂಟರು ಇದನ್ನು ದೋಷವೆಂದು ಭಾವಿಸುತ್ತದೆ. ಸ್ವಿಚ್ ಆರಿಸಿ ಮತ್ತೆ ಹಾಕಿ ರಸ್ತೆಯಲ್ಲಿ ಸ್ವಲ್ಪ ಓಡಿಸಿದರೆ ದೀಪ ಸಾಮಾನ್ಯವಾಗಿ ತಾನೇ ಆರುತ್ತದೆ.

ದೀಪ ಆರಿದ್ದೂ ಬ್ರೇಕು ಹಿಡಿಯದಿದ್ದರೆ ಅದೇ ಹೆಚ್ಚು ಅಪಾಯದ ಸ್ಥಿತಿ. ದೋಷವೆಲ್ಲ ಹಳೆಯ ಬ್ರೇಕಿನಲ್ಲಿರುತ್ತದೆ, ಅದನ್ನು ಹೇಳುವ ದೀಪವಿಲ್ಲ. ಪ್ಯಾಡು ಸವೆದಿರಬಹುದು, ಡಿಸ್ಕಿನ ಮೇಲೆ ಚೈನಿನ ಎಣ್ಣೆ ಸಿಡಿದಿರಬಹುದು. ಪೆಡಲು ಸ್ಪಂಜಿನಂತೆ ಒಳಗಿಳಿಯುತ್ತಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆಂಬುದು ಅನೇಕರಿಗೆ ತಿಳಿಯದು. ಡಾಟ್-4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿಕೊಂಡ ದ್ರವಕ್ಕೆ ಆ ಮಿತಿ 155 ಡಿಗ್ರಿಯಷ್ಟೆ. ಆಗುಂಬೆ, ಚಾರ್ಮಾಡಿಯಂಥ ಘಾಟಿಯಲ್ಲಿ ಇಳಿಯುವಾಗ ಗೇರು ಇಳಿಸದೆ, ಹಿಂದಿನ ಬ್ರೇಕಿನ ಮೇಲೆ ಸದಾ ಕಾಲಿಟ್ಟು ಬರುವವರ ಬ್ರೇಕು ಕೆಂಡದಂತೆ ಕಾಯುತ್ತದೆ. ಒಳಗೆ ದ್ರವ ಕುದಿದು ಆವಿಯಾದರೆ ಪೆಡಲು ಸರ್ರನೆ ತಳ ಮುಟ್ಟುತ್ತದೆ. ಕೆಳಗೆ ಬಂದು ಚಹಾ ಕುಡಿಯುವಷ್ಟರಲ್ಲಿ ತಣ್ಣಗಾಗಿ ಬ್ರೇಕು ಮೊದಲಿನಂತೆಯೇ! ಸವಾರ ಅದನ್ನು ಮರೆತೂಬಿಡುತ್ತಾನೆ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕೆಂದು ಬೈಕಿನ ಜೊತೆ ಬರುವ ಪುಸ್ತಕಗಳು ಹೇಳುವುದು ಇದಕ್ಕೇ. ಆ ಪುಸ್ತಕ ಓದುವವರು ಎಷ್ಟು ಮಂದಿಯೋ!

ಕೆಲವೊಮ್ಮೆ ಕಾಲು ತೆಗೆದರೂ ಬ್ರೇಕು ಬಿಡುವುದಿಲ್ಲ. ಇದಕ್ಕೆ ಹಳೆಯ ಮೆಕ್ಯಾನಿಕ್‌ಗಳ ಒಂದು ಪರೀಕ್ಷೆಯಿದೆ. ಯಾವ ಕಂಪ್ಯೂಟರೂ ಬೇಡ. ಕ್ಯಾಲಿಪರಿನ ಬ್ಲೀಡ್ ಸ್ಕ್ರೂವನ್ನು ಚೂರು ಸಡಿಲಿಸಿ, ಚಕ್ರ ತಿರುಗಿಸಿ ನೋಡುವುದು. ತಕ್ಷಣ ಸರಾಗವಾಗಿ ತಿರುಗಿತೇ, ಒತ್ತಡ ಮೇಲಿನಿಂದ ಹಿಂದಿರುಗುತ್ತಿಲ್ಲವೆಂದು ಅರ್ಥ: ಮಾಸ್ಟರ್ ಸಿಲಿಂಡರಿನ ಸೂಕ್ಷ್ಮ ರಂಧ್ರ ಮುಚ್ಚಿದೆ, ಪೆಡಲನ್ನು ತೀರಾ ಬಿಗಿಯಾಗಿ ಹೊಂದಿಸಲಾಗಿದೆ, ಅಥವಾ ರಬ್ಬರ್ ಕೊಳವೆ ಒಳಗೇ ಊದಿದೆ. ಆಗಲೂ ತಿರುಗದಿದ್ದರೆ ಕ್ಯಾಲಿಪರಿನ ಪಿಸ್ಟನ್ನೋ ಜಾರುವ ಪಿನ್ನೋ ತುಕ್ಕು ಹಿಡಿದು ಕೂತಿದೆ.

ಪೆಡಲು ಕಾಲನ್ನು ಒದೆಯುತ್ತದೆ ಎಂಬ ದೂರಿಗೂ ಎರಡು ಮುಖ. ಮರಳಿನ ಮೇಲೆ ಅಥವಾ ಗುಂಡಿಯಲ್ಲಿ ಚಕ್ರ ಹಾರಿದಾಗ ಪಟಪಟನೆ ಒದ್ದರೆ ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವ ಸದ್ದು. ಸಮತಟ್ಟಾದ ಒಣ ರಸ್ತೆಯಲ್ಲಿ ಮೆಲ್ಲಗೆ ಬ್ರೇಕು ಹಾಕಿದಾಗಲೂ ಚಕ್ರದ ಲಯಕ್ಕೆ ಸರಿಯಾಗಿ ಮಿಡಿದರೆ ಮೊದಲ ಅನುಮಾನ ಸೊಟ್ಟಗಾದ ಡಿಸ್ಕಿನ ಮೇಲೆ. ಈ ಎರಡನೆಯದಕ್ಕೂ ಎಬಿಎಸ್ ಫ್ಯೂಸು ಕಿತ್ತು ಕೈತೊಳೆದುಕೊಳ್ಳುವ ರೂಢಿ ಕೆಲವು ಕಡೆ ಇದೆ. ಮಳೆಗಾಲದ ಮೊದಲ ಹನಿಗೆ ರಸ್ತೆ ಸಾಬೂನಿನಂತಾದಾಗ ಅದರ ಬೆಲೆ ತೆರುವವನು ಸವಾರ, ಫ್ಯೂಸು ಕಿತ್ತವನಲ್ಲ.

ಹೊಸ ಯಂತ್ರ ಇಲ್ಲದೆ ಆಗದ ಕೆಲಸವೂ ಒಂದಿದೆ. ಮಾಡ್ಯುಲೇಟರಿನ ಒಳಗೆ ಪುಟ್ಟ ಪಂಪು, ವಾಲ್ವುಗಳು, ಇಕ್ಕಟ್ಟಾದ ಓಣಿಗಳು. ಅಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಎಷ್ಟು ಪೆಡಲು ತುಳಿದರೂ ಹೊರಬಾರದು. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕಂಪ್ಯೂಟರ್ ಜೋಡಿಸಿ ಆ ವಾಲ್ವುಗಳನ್ನು ಬಡಿಸಬೇಕು. ಆ ಸೌಕರ್ಯವಿಲ್ಲದ ಊರುಗಳ ಮೆಕ್ಯಾನಿಕ್‌ಗಳು ಇದಕ್ಕೂ ಒಂದು ದಾರಿ ಕಂಡುಕೊಂಡಿದ್ದಾರೆ. ಮೊದಲು ಬ್ರೇಕು ಗಾಡಿ ನಿಲ್ಲಿಸುವಷ್ಟಾದರೂ ಹಿಡಿಯುತ್ತದೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಬಳಿಕ ಜನ ಇಲ್ಲದ ಜಲ್ಲಿ ಹಾದಿಗೆ ಹೋಗಿ, ನಿಧಾನ ವೇಗದಲ್ಲಿ ಹಿಂದಿನ ಬ್ರೇಕನ್ನು ನಾಲ್ಕಾರು ಸಲ ಒತ್ತಿ ಎಬಿಎಸ್ ಪಟಪಟಿಸುವಂತೆ ಮಾಡುತ್ತಾರೆ. ಗುಳ್ಳೆ ಜಾಗ ಬಿಟ್ಟು ಕದಲುತ್ತದೆ. ಮರಳಿ ಬಂದು ಇನ್ನೊಮ್ಮೆ ಗಾಳಿ ತೆಗೆದರೆ ಪೆಡಲು ಬಹಳ ಸಲ ಗಟ್ಟಿಯಾಗಿಬಿಡುತ್ತದೆ.