ಹಳೆಯ ಡೀಸೆಲ್ ಲಾರಿಯ ಎಳೆಯುವ ಶಕ್ತಿ

ಲಾರಿಯ ಎಳೆಯುವ ಶಕ್ತಿ ಎಂದರೆ ಹೊರೆ ಹೊತ್ತ ವಾಹನವನ್ನು ನಿಂತಲ್ಲಿಂದ ಹೊರಡಿಸಲು ಮತ್ತು ಏರುದಾರಿಯಲ್ಲಿ ಸಾಗಿಸಲು ಚಕ್ರಗಳಿಗೆ ದೊರೆಯುವ ಬಲ. ಚಾಲಕರು ಇದನ್ನು ‘ಪುಲ್ಲಿಂಗ್’ ಎನ್ನುತ್ತಾರೆ. ಹಳೆಯ ಎಂಜಿನ್ನಿನಲ್ಲಿ ಇದನ್ನು ಹೆಚ್ಚಿಸುವುದೆಂದರೆ ಬಹುಪಾಲು ಸವೆತದಿಂದ ನಷ್ಟವಾದ ಶಕ್ತಿಯನ್ನು ಮರಳಿ ಪಡೆಯುವುದೇ ಆಗಿದೆ.

ಹಿನ್ನೆಲೆ

ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರವು ಅಡಿಕೆ ವ್ಯಾಪಾರಕ್ಕೂ ಸುತ್ತಲಿನ ಕಬ್ಬಿಣದ ಅದಿರಿನ ಗಣಿಗಳಿಗೂ ಹೆಸರಾದ ಊರು. ಇಲ್ಲಿನ ಸರಕು ಸಾಗಣೆಗೆ ಲಾರಿಗಳೇ ಮುಖ್ಯ ಆಧಾರ. ಭಾರತದ ಹಳೆಯ ಲಾರಿಗಳಲ್ಲಿ ಟಾಟಾ 697 ಎಂಜಿನ್ ಬಹಳ ಪ್ರಚಲಿತವಾಗಿತ್ತು. ಆರು ಸಿಲಿಂಡರ್, 97 ಮಿ.ಮೀ. ವ್ಯಾಸ ಎಂಬುದೇ ಈ ಸಂಖ್ಯೆಯ ಅರ್ಥ. ಇಂತಹ ಎಂಜಿನ್ನುಗಳಿಗೆ ಬೇಕಾದ ಇಂಧನ ಪಂಪುಗಳನ್ನು 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ (ಇಂದಿನ ಬಾಷ್ ಲಿಮಿಟೆಡ್) ತಯಾರಿಸುತ್ತಿತ್ತು.

ತತ್ತ್ವ

ಎಂಜಿನ್ನಿನ ತಿರುಗುಬಲಕ್ಕೆ ಟಾರ್ಕ್ ಎಂದು ಹೆಸರು. ಇದು ಗೇರ್ ಪೆಟ್ಟಿಗೆ ಮತ್ತು ಡಿಫರೆನ್ಷಿಯಲ್‌ಗಳಲ್ಲಿ ಹಲವು ಪಟ್ಟು ಹೆಚ್ಚಿ ಚಕ್ರವನ್ನು ಸೇರುತ್ತದೆ. ಒಟ್ಟು 16 ಟನ್ ತೂಕದ ಲಾರಿಯು 20 ಮೀಟರಿಗೆ 1 ಮೀಟರಿನಂತೆ ಏರುವ ದಾರಿಯಲ್ಲಿ ಸಾಗಲು, ಉರುಳು ಘರ್ಷಣೆಯನ್ನು ಬಿಟ್ಟು, ಸುಮಾರು 800 ಕಿಲೋಗ್ರಾಂ ತೂಕಕ್ಕೆ ಸಮನಾದ ಎಳೆತ ಬೇಕು. ಹೊರೆ 4 ಟನ್ ಹೆಚ್ಚಾದರೆ ಇದಕ್ಕೆ 200 ಕಿಲೋಗ್ರಾಂ ಸೇರುತ್ತದೆ.

ಶಕ್ತಿ ಕುಂದಲು ಕಾರಣಗಳು

* ಗಾಳಿಯ ಕೊರತೆ: ಅದಿರಿನ ಕೆಂಪು ಧೂಳು ಏರ್ ಫಿಲ್ಟರನ್ನು ಬೇಗ ಮುಚ್ಚುತ್ತದೆ. ಚಿತ್ರದುರ್ಗವು ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಸಾಂದ್ರತೆಯೂ ಕರಾವಳಿಗಿಂತ ಸುಮಾರು ಶೇ. 7ರಷ್ಟು ಕಡಿಮೆ.
* ಒತ್ತಡದ ಸೋರಿಕೆ: ಪಿಸ್ಟನ್ ರಿಂಗ್, ಲೈನರ್ ಮತ್ತು ವಾಲ್ವುಗಳು ಸವೆದಾಗ ಕಂಪ್ರೆಷನ್ ಕುಸಿಯುತ್ತದೆ.
* ಇಂಧನ ದೋಷ: ನಾಝಲ್ ಸವೆದರೆ ಡೀಸೆಲ್ ನುಣ್ಣಗೆ ಸಿಂಪಡಣೆಯಾಗದು; ಪಂಪಿನ ಟೈಮಿಂಗ್ ತಪ್ಪಿದರೆ ದಹನ ಸಕಾಲದಲ್ಲಿ ನಡೆಯದು.

ಹೆಚ್ಚಿಸುವ ವಿಧಾನಗಳು

ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಮತ್ತು ವಾಲ್ವುಗಳ ಅಂತರವನ್ನು ಸರಿಪಡಿಸಿ, ಕಂಪ್ರೆಷನ್ ಪರೀಕ್ಷಿಸಬೇಕು. ಆ ಬಳಿಕ ಪಂಪು ಮತ್ತು ನಾಝಲ್‌ಗಳನ್ನು ಪರೀಕ್ಷಾ ಯಂತ್ರದ ಮೇಲೆ ಕ್ಯಾಲಿಬ್ರೇಷನ್ ಮಾಡಿಸುವುದು ಕ್ರಮ. ಕ್ಲಚ್ ಜಾರುವಿಕೆ ಮತ್ತು ಬ್ರೇಕ್ ಹಿಡಿದುಕೊಳ್ಳುವಿಕೆಗಳೂ ಎಂಜಿನ್ನಿನ ದೋಷದಂತೆಯೇ ತೋರಬಹುದು.

ಡಿಫರೆನ್ಷಿಯಲ್‌ನ ಕ್ರೌನ್-ಪಿನಿಯನ್ ಅನುಪಾತ 5ರಿಂದ 6ಕ್ಕೆ ಏರಿದರೆ ಚಕ್ರದ ಎಳೆತ ಶೇ. 20ರಷ್ಟು ಹೆಚ್ಚುತ್ತದೆ, ಆದರೆ ಎಂಜಿನ್ ಅದೇ ವೇಗದಲ್ಲಿ ತಿರುಗುವಾಗ ಲಾರಿಯ ವೇಗ ಆರನೇ ಒಂದು ಭಾಗ ತಗ್ಗುತ್ತದೆ. ಟರ್ಬೊಚಾರ್ಜರ್ ಹೆಚ್ಚು ಗಾಳಿಯನ್ನು ಒಳತಳ್ಳುವುದರಿಂದ ಹೆಚ್ಚು ಇಂಧನವನ್ನು ಪೂರ್ಣವಾಗಿ ಉರಿಸಲು ಸಾಧ್ಯ. 697 ಎಂಜಿನ್ ಟರ್ಬೊ ರೂಪದಲ್ಲಿಯೂ ಬಂದಿತು. ಟರ್ಬೊ ಇಲ್ಲದ ಎಂಜಿನ್ನಿಗೆ ಅದನ್ನು ಜೋಡಿಸುವಾಗ ಪಿಸ್ಟನ್, ಆಯಿಲ್ ಪೂರೈಕೆ, ಶೀತಲೀಕರಣ ಮತ್ತು ಪಂಪಿನ ಹೊಂದಾಣಿಕೆಗಳೂ ಅದಕ್ಕೆ ತಕ್ಕಂತಿರಬೇಕು.

ಮಿತಿಗಳು ಮತ್ತು ಅಪಾಯ

ಪಂಪಿನ ಡೀಸೆಲ್ ಪ್ರಮಾಣವನ್ನಷ್ಟೇ ಹೆಚ್ಚಿಸುವುದು ಸುಲಭವಾದರೂ ಹಾನಿಕರ. ಸಾಲದ ಗಾಳಿಯಲ್ಲಿ ಉರಿಯದ ಇಂಧನ ಕಪ್ಪು ಹೊಗೆಯಾಗುತ್ತದೆ. ಏರಿದ ಶಾಖದಿಂದ ಪಿಸ್ಟನ್ ಕರಗಬಹುದು, ಹೆಡ್ ಗ್ಯಾಸ್ಕೆಟ್ ಸುಡಬಹುದು.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಭಾರತ್ ಸ್ಟೇಜ್-4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳ ಹೊಗೆಯು 65 ಹಾರ್ಟ್‌ರಿಜ್ ಘಟಕಗಳನ್ನು ಮೀರಬಾರದು. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಪ್ರಕರಣವು ನೋಂದಣಿ ಪತ್ರದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ.

ಎಳೆಯುವ ಶಕ್ತಿ ಹೆಚ್ಚಿದ ಮಾತ್ರಕ್ಕೆ ಲಾರಿಯ ಬ್ರೇಕ್, ಆಕ್ಸಲ್ ಮತ್ತು ಟೈರುಗಳ ಸಾಮರ್ಥ್ಯ ಹೆಚ್ಚುವುದಿಲ್ಲ. ಏರನ್ನು ಹತ್ತಿಸಿದ ಹೊರೆಯನ್ನು ಇಳಿಜಾರಿನಲ್ಲಿ ತಡೆಯಬೇಕಾದದ್ದು ಅವುಗಳೇ ಆದುದರಿಂದ, ನಿಗದಿತ ತೂಕವನ್ನು ಮೀರದಿರುವುದು ಎಂಜಿನ್ ಎಷ್ಟೇ ಸಮರ್ಥವಾಗಿದ್ದರೂ ಅನಿವಾರ್ಯ.